ಶಿವರಾತ್ರಿಯಿಂದ ಯುಗಾದಿವರೆಗೆ: ವಾರಕ್ಕೊಂದು ಬೆಳಗಿನ ಸುತ್ತು

ಶಿವರಾತ್ರಿ ಬಂದ್ರೆ ಚಳಿ ‘ಶಿವ ಶಿವಾ’ ಅಂತ ಹೊರಟು ಹೋಗುತ್ತೆ ಅನ್ನೋ ಮಾತು ಎಲ್ಲರಿಗೂ ಗೊತ್ತು. ಆದರೆ ಅಲ್ಲಿಂದ ಯುಗಾದಿವರೆಗಿನ ಒಂದು ತಿಂಗಳಲ್ಲಿ ನಮ್ಮ ಹೊಲದ ಸುತ್ತ ಏನೇನು ಬದಲಾಗುತ್ತೆ ಅಂತ ಕೇಳಿದ್ರೆ, ‘ಬಿಸಿಲು ಜಾಸ್ತಿ ಆಗುತ್ತೆ’ ಅಂದು ಸುಮ್ಮನಾಗ್ತೀವಿ. ರಾಗಿ, ಹುರುಳಿ ಮನೆಗೆ ಬಂದಾಗಿದೆ, ಮಳೆ ಇನ್ನೂ ದೂರ, ಹೊಲದ ಕಡೆ ಹೋಗೋ ಕೆಲಸವೂ ಕಡಿಮೆ.

ನಿಜ ಹೇಳಬೇಕಂದ್ರೆ ವರ್ಷದಲ್ಲಿ ಹೆಚ್ಚು ಸುದ್ದಿ ಸಿಗೋ ತಿಂಗಳು ಇದೇ. ಮರ ಎಲೆ ಉದುರಿಸಿ ಚಿಗುರುತ್ತೆ, ವಲಸೆ ಹಕ್ಕಿ ವಾಪಸ್ ಹೊರಡುತ್ತೆ, ಊರಿನ ಹಕ್ಕಿ ಗೂಡು ಕಟ್ಟೋಕೆ ಶುರು ಮಾಡುತ್ತೆ, ಗಾಳಿ ದಿಕ್ಕು ಬದಲಿಸುತ್ತೆ, ಕಾಡಿನ ಪ್ರಾಣಿ ನೀರಿನ ಕಡೆ ಸರಿಯುತ್ತೆ. ಇದರಲ್ಲಿ ಒಂದೊಂದೂ ನಿಮ್ಮ ಮಾವಿನ ಹೂವಿಗೆ, ಬಾಳೆ ಗಿಡಕ್ಕೆ, ಹತ್ತಿ ಬಿತ್ತನೆಗೆ, ಕೆಲವು ಸಲ ನಿಮ್ಮ ಪ್ರಾಣಕ್ಕೂ ಸಂಬಂಧಪಟ್ಟಿದ್ದು.

ಈ ವಾರದ ಸಲಹೆ ಒಂದೇ: ಇಂದಿನಿಂದ ಯುಗಾದಿವರೆಗೆ ವಾರಕ್ಕೊಂದು ಬೆಳಗ್ಗೆ, ಒಂದೇ ದಾರಿಯಲ್ಲಿ, ಒಂದು ಗಂಟೆ ನಡೀರಿ. ಕಂಡದ್ದನ್ನ ದಿನಾಂಕದ ಸಮೇತ ಬರ್ಕೊಳ್ಳಿ. ಫೋನಿನ ಹವಾಮಾನ ಆ್ಯಪ್ ಹೇಳೋದು ಜಿಲ್ಲೆಯ ಅಥವಾ ತಾಲ್ಲೂಕಿನ ಲೆಕ್ಕ. ನಿಮ್ಮ ಎರಡು ಎಕರೆಯ ಲೆಕ್ಕ ಯಾವ ಆ್ಯಪ್‌ನಲ್ಲೂ ಇಲ್ಲ, ಅದನ್ನ ನೀವೇ ಬರೀಬೇಕು.

ಯಾವ ದಾರಿ, ಯಾವ ಹೊತ್ತು?

ನಮ್ಮ ಸರಗೂರು ಸುತ್ತಮುತ್ತ ಸ್ವಲ್ಪ ದೂರ ನಡೆದ್ರೂ ಮೂರು ಥರದ ಜಾಗ ಸಿಗುತ್ತೆ. ಕಪಿಲಾ ನದಿ ಮತ್ತು ನಾಲೆ ಬದಿಯ ಗದ್ದೆ-ತೋಟ, ಅದರ ಮೇಲ್ಗಡೆ ಮಳೆ ನಂಬಿದ ಕೆಂಪು-ಕಪ್ಪು ಮಣ್ಣಿನ ಹೊಲ, ಅದರಾಚೆ ಬಂಡೀಪುರ ಮತ್ತು ನುಗು ಕಡೆಯ ಕಾಡಂಚು. ನಿಮ್ಮ ದಾರಿ ಮೊದಲ ಎರಡರಲ್ಲಿ ಹಾದು ಹೋದರೆ ಸಾಕು: ಒಂದು ಕೆರೆ ಅಥವಾ ಕಟ್ಟೆ, ಒಂದು ಬದು, ನಾಲ್ಕು ದೊಡ್ಡ ಮರ, ಮತ್ತೆ ನಿಮ್ಮ ಜಮೀನು. ಮೂರನೆಯದರ ಒಳಗೆ ಹೋಗೋದು ಬೇಡ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಪೇಟೆಯವರು ಬರೆಯೋ ಲೇಖನಗಳಲ್ಲಿ ‘ಸೂರ್ಯ ಹುಟ್ಟೋ ಮುಂಚೆ ಹೊರಡಿ’ ಅಂತ ಇರುತ್ತೆ. ನಮ್ಮ ಕಡೆ ಆ ಸಲಹೆ ನಡೆಯಲ್ಲ. 2025ರ ಅಕ್ಟೋಬರ್-ನವೆಂಬರ್‌ನಲ್ಲಿ ಇದೇ ಸರಗೂರು ತಾಲ್ಲೂಕಿನಲ್ಲಿ ಹುಲಿ ದಾಳಿಗೆ ರೈತರು ಪ್ರಾಣ ಕಳ್ಕೊಂಡ್ರು, ಬಂಡೀಪುರ-ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಬೇಕಾಯ್ತು. ಸತ್ತವರು ಕಾಡು ನೋಡೋಕೆ ಹೋದವರಲ್ಲ, ಹೊಲದ ಕೆಲಸ, ದನ-ಕರು ಅಂತ ಹೋದವರು. ಅದಕ್ಕೆ ಈ ನಾಲ್ಕು ನಿಯಮ ಮೊದಲು:

• ಬೆಳಕು ಚೆನ್ನಾಗಿ ಹರಿದ ಮೇಲೆ, ಅಂದ್ರೆ ಏಳು ಗಂಟೆ ಹೊತ್ತಿಗೆ ಹೊರಡಿ. ಸಂಜೆ ಸುತ್ತು ಬೇಡ.
• ಒಬ್ಬರೇ ಹೋಗಬೇಡಿ. ತಮ್ಮನೋ, ಪಕ್ಕದ ಹೊಲದವರೋ ಜೊತೆಗಿರಲಿ. ಮಾತಾಡ್ಕೊಂಡು ನಡೀರಿ.
• ಇಯರ್‌ಫೋನ್ ಜೇಬಲ್ಲಿರಲಿ. ಈ ಸುತ್ತಿನ ಅರ್ಧ ಕೆಲಸ ಕಿವಿಯದ್ದು.
• ಲಂಟಾನ ಪೊದೆ, ಎತ್ತರದ ಹುಲ್ಲು, ಕಬ್ಬಿನ ಗದ್ದೆ ಪಕ್ಕ ಬಗ್ಗಿ ಕೂರಬೇಡಿ. ಬಗ್ಗಿದ ಮನುಷ್ಯ ದೊಡ್ಡ ಬೆಕ್ಕಿನ ಕಣ್ಣಿಗೆ ನಾಲ್ಕು ಕಾಲಿನ ಬೇಟೆ ಥರ ಕಾಣಬಹುದು.

ಮೊದಲು ಆಕಾಶ, ಗಾಳಿ, ಇಬ್ಬನಿ

ಹೊರಟ ತಕ್ಷಣ ಕಾಲಿಗೆ ಸಿಗೋದು ಇಬ್ಬನಿ. ರಾತ್ರಿ ಆಕಾಶ ತಿಳಿಯಾಗಿದ್ದು ಗಾಳಿ ಇಲ್ಲದಿದ್ರೆ ನೆಲ, ಎಲೆ ಬೇಗ ತಣ್ಣಗಾಗುತ್ತೆ. ಆಗ ಗಾಳಿಯಲ್ಲಿರೋ ತೇವ ಎಲೆ ಮೇಲೆ ಹನಿಗಟ್ಟುತ್ತೆ. ಮೋಡ ಇದ್ರೆ ಅದು ಕಂಬಳಿ ಹೊದಿಸಿದ ಹಾಗೆ, ನೆಲದ ಬಿಸಿ ಮೇಲೆ ಹೋಗೋಕೆ ಬಿಡಲ್ಲ, ಇಬ್ಬನಿಯೂ ಕಡಿಮೆ. ಶಿವರಾತ್ರಿ ಹೊತ್ತಿಗೆ ಹುಲ್ಲು ಒದ್ದೆ ಇರುತ್ತೆ. ವಾರ ವಾರಕ್ಕೂ ಅದು ಬೇಗ ಆರುತ್ತಾ ಬಂದು, ಯುಗಾದಿ ಹತ್ತಿರ ಆದಾಗ ಎಷ್ಟೋ ದಿನ ಹುಲ್ಲು ಒಣಗೇ ಇರುತ್ತೆ. ‘ಇಬ್ಬನಿ ಎಷ್ಟು ಗಂಟೆಗೆ ಆರಿತು’ ಅಂತ ಬರೆಯೋದು ಸಣ್ಣ ವಿಷಯ ಅನ್ನಿಸಬಹುದು, ಆದರೆ ರೋಗದ ಲೆಕ್ಕ ಅಲ್ಲೇ ಇದೆ. ಎಲೆ, ಹೂವು ಹೆಚ್ಚು ಹೊತ್ತು ಒದ್ದೆ ಇದ್ದಷ್ಟೂ ಚಿಬ್ಬು ರೋಗದಂಥ ಶಿಲೀಂಧ್ರಕ್ಕೆ ಅನುಕೂಲ. ಪೂರ್ತಿ ಒಣಗಿ ಬಿಸಿ ಏರಿದ ಮೇಲೆ ಶಿಲೀಂಧ್ರದ ಕಾಟ ಇಳಿದು ಥ್ರಿಪ್ಸ್, ಮೈಟ್ಸ್ ಕಾಟ ಏರುತ್ತೆ.

ಮೆಣಸಿನ ತಾಕು ದಾರೀಲಿ ಸಿಕ್ಕಿದ್ರೆ ಎಲೆ ನೋಡಿ. ಅಂಚು ಮೇಲ್ಮುಖವಾಗಿ ದೋಣಿ ಥರ ಮುದುರಿದ್ರೆ ಥ್ರಿಪ್ಸ್, ಕೆಳಮುಖವಾಗಿ ಮುದುರಿದ್ರೆ ಮೈಟ್ಸ್ ಇರೋ ಸಾಧ್ಯತೆ ಹೆಚ್ಚು. ಬಿಳಿ ಕಾಗದ ಹಿಡಿದು ಕೊಂಬೆ ತಟ್ಟಿ, ಓಡಾಡೋ ಹುಳ ಎಣಿಸಿ. ಫೋನ್ ಕ್ಯಾಮೆರಾ ಜೂಮ್ ಮಾಡಿದ್ರೆ ಭೂತಗನ್ನಡಿ ಬೇಕಿಲ್ಲ.

ಆಮೇಲೆ ಗಾಳಿ. ಒಂದು ಹಿಡಿ ಒಣ ಮಣ್ಣು ಮೇಲಿಂದ ಬಿಡಿ, ಯಾವ ಕಡೆ ಹಾರುತ್ತೆ ನೋಡಿ. ಚಳಿಗಾಲದಲ್ಲಿ ನಮಗೆ ಪೂರ್ವ-ಈಶಾನ್ಯದ ಒಣ ಗಾಳಿ. ಮಾರ್ಚ್ ಬಂತಂದ್ರೆ ನೆಲ ಕಾಯುತ್ತೆ, ಹಗಲು 33-35 ಡಿಗ್ರಿಗೆ ಹೋಗುತ್ತೆ, ಕಾದ ಗಾಳಿ ಮೇಲೇರುತ್ತೆ. ಅದರ ಜಾಗಕ್ಕೆ ಸಮುದ್ರದ ಕಡೆಯಿಂದ ತೇವ ಇರೋ ಗಾಳಿ ನುಗ್ಗೋಕೆ ಶುರುವಾಗುತ್ತೆ. ಬೆಳಗ್ಗೆ ಸ್ವಚ್ಛ ಆಕಾಶ, ಮಧ್ಯಾಹ್ನ ಮೂರರ ಮೇಲೆ ಹತ್ತಿ ಗುಡ್ಡೆ ಹಾಕಿದ ಹಾಗೆ ಮೋಡ, ಸಂಜೆ ಗುಡುಗು. ಇದೇ ನಮ್ಮ ಮಾವಿನ ಮಳೆಯ ದಾರಿ. ಆ ಮೋಡ ಮೊದಲ ಸಲ ಯಾವತ್ತು ಕಟ್ಟಿತು, ಚಿಕ್ಕದೇವಮ್ಮನ ಬೆಟ್ಟದ ಕಡೆಯೋ ವಯನಾಡಿನ ಕಡೆಯೋ ಅಂತ ಬರ್ಕೊಳ್ಳಿ. ಎರಡು-ಮೂರು ವರ್ಷದ ಟಿಪ್ಪಣಿ ಸೇರಿದ್ರೆ, ಯಾವ ದಿಕ್ಕಲ್ಲಿ ಕಟ್ಟಿದ ಮೋಡ ನಿಮ್ಮ ಹೊಲದ ಮೇಲೆ ಸುರಿಯುತ್ತೆ, ಯಾವುದು ಬರೀ ಗುಡುಗಿ ಹೋಗುತ್ತೆ ಅನ್ನೋದು ಗೊತ್ತಾಗುತ್ತೆ.

ಮಧ್ಯಾಹ್ನ ಸೆಕೆ ತಡೆಯೋಕಾಗದೆ ಇದ್ದಾಗ ತಣ್ಣನೆ ಗಾಳಿ ರಪ್ ಅಂತ ಬೀಸಿದ್ರೆ, ಹತ್ತಿರದಲ್ಲೆಲ್ಲೋ ಮಳೆ ಸುರಿದು ಮೋಡದ ಒಳಗಿನ ತಂಪು ಗಾಳಿ ಕೆಳಗಿಳಿದಿದೆ ಅಂತ ಅರ್ಥ. ಅದು ಬಂದ ಮೇಲೆ ಬಾಳೆಗೆ ಊರುಗೋಲು ಕಟ್ಟೋಕೆ ಟೈಮ್ ಇರಲ್ಲ. ಗೊನೆ ಬಿಟ್ಟ ಬಾಳೆಗೆ ಆಸರೆ ಕೊಡೋ ಕೆಲಸ ಮೊದಲ ಗುಡ್ಡೆ ಮೋಡ ಕಂಡ ವಾರವೇ ಮುಗಿಸಿ.

ಮರಗಳು ಹೇಳೋದು

ಶಿವರಾತ್ರಿ ಹೊತ್ತಿಗೆ ದೂರದಿಂದಲೇ ಕಣ್ಣಿಗೆ ಬೀಳೋದು ಮುತ್ತುಗ ಮತ್ತು ಬೂರುಗ. ಎಲೆ ಪೂರ್ತಿ ಉದುರಿಸಿ ಬರೀ ಹೂವಲ್ಲಿ ನಿಂತಿರುತ್ತವೆ. ನೀರಿಲ್ಲದ ಕಾಲದಲ್ಲಿ ಇವಕ್ಕೆ ಹೂವು ಹೇಗೆ ಅನ್ನೋ ಪ್ರಶ್ನೆ ಬರಬಹುದು. ಎಲೆ ಇದ್ರೆ ಅದರ ಮೂಲಕ ನೀರು ಆವಿಯಾಗಿ ಹೋಗುತ್ತೆ. ಎಲೆ ಉದುರಿಸಿದ ಮರ ಕಾಂಡದಲ್ಲಿ, ಆಳದ ಬೇರಲ್ಲಿ ಉಳಿಸಿದ ನೀರು-ಆಹಾರವನ್ನ ಹೂವಿಗೆ ಹಾಕುತ್ತೆ. ಎಲೆ ಮರೆ ಇಲ್ಲದ ಕಾರಣ ಹೂವು ಹಕ್ಕಿಗಳಿಗೆ ಚೆನ್ನಾಗಿ ಕಾಣುತ್ತೆ. ಮೈನಾ, ಕಾಜಾಣ, ಸೂರಕ್ಕಿ, ಗಿಳಿ ಎಲ್ಲಾ ಅಲ್ಲೇ ಸೇರುತ್ತವೆ.

ಮುಂದಿನ ಸರದಿ ಹೊಂಗೆ ಮತ್ತು ಬೇವು. ಹಳೆ ಎಲೆ ಉದುರಿ ಮಾರ್ಚ್‌ನಲ್ಲಿ ಹೊಳೆಯೋ ತಿಳಿ ಹಸಿರು ಚಿಗುರು, ಬೆನ್ನಿಗೇ ಹೂವು. ಯುಗಾದಿಗೆ ಬೇವಿನ ಹೂವು ಸಿಗೋದು ಇದರಿಂದಲೇ. ಉದುರಿದ ಹೊಂಗೆ ಎಲೆಗೆ ಬೆಂಕಿ ಇಡಬೇಡಿ, ಅದು ಪುಕ್ಕಟೆ ಮುಚ್ಚಿಗೆ. ಬಾಳೆ, ತೆಂಗು, ಅಡಿಕೆಯ ಬುಡಕ್ಕೆ ನಾಲ್ಕು ಬೆರಳು ದಪ್ಪ ಹಾಕಿದ್ರೆ ನೆಲ ಕಾಯೋದು, ನೀರು ಆರೋದು ಎರಡೂ ಕಡಿಮೆ ಆಗುತ್ತೆ.

ಬೆಂಕಿ ವಿಷಯ ಇಲ್ಲೇ ಹೇಳಿಬಿಡ್ತೀನಿ. ಈ ತಿಂಗಳು ನಮ್ಮ ಕಾಡಿನ ನೆಲದ ತುಂಬ ಒಣ ಎಲೆ, ಒಣ ಹುಲ್ಲು, ಒಣ ಲಂಟಾನ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬಿದ್ದ ಬೆಂಕಿ ದಿನಗಟ್ಟಲೆ ಉರಿದು ಸಾವಿರಾರು ಎಕರೆ ಸುಟ್ಟಿದ್ದನ್ನ ನಾವೆಲ್ಲ ನೋಡಿದ್ದೀವಿ. ಬದುವಿನ ಹುಲ್ಲಿಗೆ ಇಟ್ಟ ಸಣ್ಣ ಕಿಡಿ ಮಧ್ಯಾಹ್ನದ ಗಾಳಿಗೆ ಎಲ್ಲಿಗೆ ಹೋಗುತ್ತೆ ಅಂತ ಹೇಳೋಕಾಗಲ್ಲ. ಕಾಡು ಸುಟ್ಟರೆ ಅಲ್ಲಿನ ಮೇವು ಹೋಯ್ತು, ಮೇವು ಹೋದ್ರೆ ಪ್ರಾಣಿ ನಮ್ಮ ಹೊಲಕ್ಕೆ ಬಂತು. ಲೆಕ್ಕ ಅಷ್ಟೇ ಸರಳ.

ಇನ್ನು ಮಾವು. ಹೂಗೊಂಚಲು ಇರೋ ಮರದ ಕೆಳಗೆ ನಿಂತು ಒಂದು ಗೊಂಚಲು ತಟ್ಟಿ. ಬೆಣೆಯಾಕಾರದ ಸಣ್ಣ ಹುಳ ಪಟಪಟ ಹಾರಿದ್ರೆ ಅದು ಜಿಗಿಹುಳು. ಎಲೆ ಅಂಟಂಟಾಗಿ ಕಪ್ಪು ಮಸಿ ಹಿಡಿಯೋದು ಇದರ ಸಿಹಿ ದ್ರವದಿಂದ. ಹೂವಿನ ಮೇಲೆ ಬಿಳಿ ಪುಡಿ ಎರಚಿದ ಹಾಗಿದ್ರೆ ಬೂದಿ ರೋಗ. ರಾತ್ರಿ ತಂಪು, ಹಗಲು ಬಿಸಿ, ಬೆಳಗ್ಗೆ ತೇವ ಅಥವಾ ಮೋಡ ಇರೋ ವಾತಾವರಣ ಅದಕ್ಕೆ ಇಷ್ಟ. ಹೂವು ಬಿಚ್ಚೋ ಮುಂಚೆ ಕಂಡ್ರೆ ನೀರಲ್ಲಿ ಬೆರೆಯುವ ಗಂಧಕ ಲೀಟರಿಗೆ 2 ಗ್ರಾಂ ಹಾಕಿ ಸಂಜೆ ಹೊತ್ತು ಹೊಡೀಬಹುದು. ಸಾವಯವ ಪ್ರಮಾಣಪತ್ರ ಇರೋರು ತಮ್ಮ ಸಂಸ್ಥೆಯನ್ನ ಕೇಳಿ ಬಳಸಿ. ಸುಡು ಬಿಸಿಲಲ್ಲಿ ಗಂಧಕ ಹೊಡೆದ್ರೆ ಎಲೆ, ಹೂವು ಸುಡುತ್ತೆ. ಬೇವಿನೆಣ್ಣೆ ಜೊತೆ ಬೆರೆಸಲೇಬಾರದು, ಎರಡರ ನಡುವೆ ಎರಡು ವಾರ ಅಂತರ ಬೇಕು.

ಹೂವು ಪೂರ್ತಿ ಅರಳಿದ ಮೇಲೆ ಯಾವ ಸಿಂಪಡಣೆಯೂ ಬೇಡ. ಮಾವಿನ ಪರಾಗಸ್ಪರ್ಶ ಹೆಚ್ಚಾಗಿ ಮಾಡೋದು ನೊಣಗಳು, ಜೊತೆಗೆ ಜೇನು. ಗೊಂಚಲ ಮುಂದೆ ಐದು ನಿಮಿಷ ನಿಂತು, ಬಂದು ಹೋಗೋ ನೊಣ ಎಷ್ಟು ಅಂತ ಎಣಿಸಿ ಬರೀರಿ. ಕಾಯಿ ಕಡಿಮೆ ಕಚ್ಚಿದ ವರ್ಷ ಕಾರಣ ಹುಡುಕೋವಾಗ ಈ ಅಂಕಿ ಕೆಲಸಕ್ಕೆ ಬರುತ್ತೆ.

ಹಕ್ಕಿಗಳು: ಹೋಗೋರು, ಇರೋರು

ಮೈಸೂರು ಜಿಲ್ಲೆಯ ಕೆರೆಗಳಿಗೆ ಚಳಿಗಾಲದಲ್ಲಿ ದೂರದ ಅತಿಥಿಗಳು ಬರ್ತಾರೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬರೋ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬಂದದ್ದು. ಬಿಸಿಲು ಏರಿದ ಹಾಗೆ ಅವು ಮತ್ತೆ ಉತ್ತರಕ್ಕೆ ಹೊರಡುತ್ತವೆ. ನಿಮ್ಮ ಕಟ್ಟೆ ಬದಿಯಲ್ಲಿ ಬಾಲ ಕುಣಿಸ್ತಾ ಓಡಾಡೋ ಕುಂಡೆಕುಸ್ಕಗಳಲ್ಲೂ ಹೆಚ್ಚಿನವು ಮಾರ್ಚ್-ಏಪ್ರಿಲ್‌ನಲ್ಲಿ ಕಾಣೆಯಾಗುತ್ತವೆ. ‘ಕೊನೇ ಸಲ ಕಂಡ ದಿನ’ ಅಂತ ಬರೀಬೇಕು ಅಂದ್ರೆ ಪ್ರತಿ ವಾರ ನೋಡಲೇಬೇಕು. ವಾರಕ್ಕೊಂದು ಸುತ್ತು ಅಂದದ್ದು ಅದಕ್ಕೇ.

ಇರೋರ ಕಡೆ ಬರೋಣ. ಫೆಬ್ರವರಿ ಕೊನೆಗೆ ಕೋಗಿಲೆ ಕೂಗು ಜೋರಾಗುತ್ತೆ. ಕೂಗೋದು ಕಪ್ಪು ಗಂಡು, ಹೆಣ್ಣು ಕಂದು ಬಣ್ಣದ ಮೇಲೆ ಬಿಳಿ ಚುಕ್ಕೆ. ಇವು ಗೂಡು ಕಟ್ಟಲ್ಲ, ಕಾಗೆ ಗೂಡಲ್ಲಿ ಮೊಟ್ಟೆ ಇಡುತ್ತವೆ. ಹಾಗಾಗಿ ಕಾಗೆಯ ಗೂಡಿನ ಕಾಲಕ್ಕೆ ಇವೂ ತಯಾರಾಗಬೇಕು. ಆಲ, ಅತ್ತಿ ಮರದ ತುದಿಯಿಂದ ‘ಟುಕ್ ಟುಕ್ ಟುಕ್’ ಅಂತ ಕಂಚುಗಾರನ ಸುತ್ತಿಗೆ ಥರ ಕೇಳೋದು ಕಂಚುಕುಟಿಗ. ಬಿಸಿಲು ಏರಿದಷ್ಟೂ ಬಿಡದೆ ಕೂಗುತ್ತೆ.

ರೈತನಿಗೆ ನೇರ ಸಂಬಂಧ ಇರೋ ಹಕ್ಕಿಗಳು ಮೂರು.

ಕಾಜಾಣ: ಕಪ್ಪು ಮೈ, ಕವಲು ಬಾಲ. ಎತ್ತರದಲ್ಲಿ ಕೂತು, ಹಾರೋ ಹುಳ ಕಂಡ ತಕ್ಷಣ ಎರಗುತ್ತೆ. ತರಕಾರಿ ತಾಕಲ್ಲಿ ಕೂರೋಕೆ ಜಾಗ ಇಲ್ಲದಿದ್ರೆ ಅದು ಬರಲ್ಲ. ಎಕರೆಗೆ ಹತ್ತರಷ್ಟು ಕವಲು ಕೋಲು ಬೆಳೆಗಿಂತ ಎರಡು ಅಡಿ ಎತ್ತರಕ್ಕೆ ನೆಡಿ. ನಮ್ಮ ತೋಟದಲ್ಲಿ ಟೊಮೆಟೊ ಸಾಲಿನ ಕೋಲುಗಳ ಮೇಲೆ ದಿನಾ ಬೆಳಗ್ಗೆ ಇವುಗಳದ್ದೇ ಕಾರುಬಾರು.

ಕಳ್ಳಿಪೀರ: ಹಸಿರು ಮೈ, ಬಾಲದಿಂದ ಸೂಜಿ ಥರ ಎರಡು ಗರಿ. ಈ ತಿಂಗಳುಗಳಲ್ಲೇ ಬದುವಿನ ಮಣ್ಣಿನ ಗೋಡೆಯಲ್ಲಿ ಬಿಲ ಕೊರೆದು ಮರಿ ಮಾಡುತ್ತೆ. ಜೆಸಿಬಿ ತಂದು ಬದು ಸವರೋ ಪ್ಲಾನ್ ಇದ್ರೆ ಮೊದಲು ಬಿಲ ಇದ್ಯಾ ನೋಡಿ. ಇದು ಜೇನನ್ನೂ ತಿನ್ನುತ್ತೆ ಅನ್ನೋದು ನಿಜ, ಜೊತೆಗೆ ಬೇರೆ ಹಾರೋ ಹುಳವನ್ನೂ ಬೇಕಾದಷ್ಟು ತಿನ್ನುತ್ತೆ. ಜೇನು ಪೆಟ್ಟಿಗೆ ಇಟ್ಟೋರು ಬಿಲ ಇರೋ ಬದುವಿನಿಂದ ದೂರ ಇಡಿ.

ಟಿಟ್ಟಿಭ: ಉದ್ದ ಹಳದಿ ಕಾಲು, ಕಣ್ಣ ಮುಂದೆ ಕೆಂಪು ಜೋಲು. ಬರೀ ನೆಲದ ಮೇಲೆ ಕಲ್ಲುಗಳ ನಡುವೆ ಮೊಟ್ಟೆ ಇಡುತ್ತೆ. ಎತ್ತರದ ಜಾಗದಲ್ಲಿ ಇಟ್ಟರೆ ಆ ವರ್ಷ ಮಳೆ ಜಾಸ್ತಿ ಅಂತ ಹಿರಿಯರು ಹೇಳ್ತಾರೆ. ಅದನ್ನ ನಂಬಿ ಬೀಜ ಕೊಳ್ಳಬೇಡಿ, ನಗಾಡಿ ಬಿಡಲೂ ಬೇಡಿ. ಗೂಡು ಎಲ್ಲಿತ್ತು, ಆ ವರ್ಷ ಮಳೆ ಎಷ್ಟಾಯ್ತು ಅಂತ ಐದು ವರ್ಷ ಬರೀರಿ, ನಿಮಗೇ ಗೊತ್ತಾಗುತ್ತೆ. ಆದರೆ ಈ ಹಕ್ಕಿ ಒಂದು ಕೆಲಸಕ್ಕೆ ಗ್ಯಾರಂಟಿ: ಯಾರೇ ಬಂದ್ರೂ ಕಿರುಚಿ ಎಬ್ಬಿಸುತ್ತೆ. ಅದು ನಿಮ್ಮನ್ನ ನೋಡಿ ಕೂಗ್ತಿಲ್ಲ ಅಂದ್ರೆ ಇನ್ಯಾರನ್ನೋ ನೋಡಿದೆ. ನಿಂತು ಗಮನಿಸಿ.

ಜೇನು

ಬೂರುಗದಂಥ ಎತ್ತರದ ಮರದ ಕೊಂಬೆಗೆ ಹೆಜ್ಜೇನು ತಟ್ಟೆ ಕಟ್ಟೋದು ನೋಡಿರ್ತೀರಿ. ಹೆಜ್ಜೇನು ವರ್ಷವಿಡೀ ಒಂದೇ ಕಡೆ ಇರಲ್ಲ, ಹೂವು ಇದ್ದ ಕಡೆ ಹೋಗುತ್ತೆ. ತುಡುವೆ ಪೊಟರೆಯಲ್ಲಿ, ಹುತ್ತದಲ್ಲಿ, ನಮ್ಮ ಪೆಟ್ಟಿಗೆಯಲ್ಲಿ ಇರುತ್ತೆ. ಕೋಲುಜೇನು ಬೇಲಿಯ ಸಣ್ಣ ಕಡ್ಡಿಗೆ ಅಂಗೈಯಷ್ಟು ತಟ್ಟೆ ಕಟ್ಟುತ್ತೆ. ಎಚ್.ಡಿ. ಕೋಟೆ-ಸರಗೂರು ಭಾಗದ ಜೇನುಕುರುಬ ಹಾಡಿಗಳ ಹಿರಿಯರಿಗೆ ಯಾವ ಮರ ಯಾವಾಗ ಹೂವಾಗುತ್ತೆ, ಜೇನು ಎತ್ತ ಹೋಗುತ್ತೆ ಅನ್ನೋ ಲೆಕ್ಕ ಚೆನ್ನಾಗಿ ಗೊತ್ತು. ಸಿಕ್ಕಾಗ ಗೌರವದಿಂದ ಕೂತು ಕೇಳಿ. ಈ ವಿದ್ಯೆ ಯಾವ ಕಾಲೇಜಿನ ಸಿಲಬಸ್‌ನಲ್ಲೂ ನನಗೆ ಸಿಗಲಿಲ್ಲ.

ಹೊಂಗೆ ಹೂವು ಬಿಟ್ಟಾಗ ಮರದ ಕೆಳಗೆ ನಿಂತ್ರೆ ಝೇಂಕಾರ ಕೇಳುತ್ತೆ. ಅದೇ ದಿನ ಬೆಳಗ್ಗೆ ಪಕ್ಕದ ಕಲ್ಲಂಗಡಿ, ಸೌತೆ, ಕುಂಬಳಕ್ಕೆ ಔಷಧಿ ಹೊಡೆದ್ರೆ ಸಾಯೋದು ಈ ಜೇನೇ, ಕಾಯಿ ಕಚ್ಚದೆ ಲಾಸ್ ಆಗೋದು ನಮಗೇ. ಸಾವಯವದ್ದಾದರೂ ಸರಿ, ಹೊಡೆಯಲೇಬೇಕು ಅಂದ್ರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ.

ನೆಲದ ಮೇಲಿನ ಗುರುತು

ಬೀಚನಹಳ್ಳಿ ಹತ್ತಿರದ ಕಬಿನಿ ಜಲಾಶಯ 1974ರಿಂದ ಇದೆ. ಬೇಸಿಗೆಯಲ್ಲಿ ಅದರ ಹಿನ್ನೀರು ಇಳಿದ ಹಾಗೆ ತೇವದ ದಂಡೆಯಲ್ಲಿ ಹಸಿರು ಹುಲ್ಲು ಏಳುತ್ತೆ. ಒಳಗಾಡಿನ ಕೆರೆ-ಹಳ್ಳ ಬತ್ತಿದಾಗ ನಾಗರಹೊಳೆ, ಬಂಡೀಪುರ, ವಯನಾಡು ಕಡೆಯ ಆನೆಗಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರೋದು ಜಗತ್ತಿಗೇ ಗೊತ್ತಿರೋ ದೃಶ್ಯ. ಪ್ರವಾಸಿಗರಿಗೆ ಅದು ಫೋಟೋ. ನಮಗೆ ಅದರ ಅರ್ಥ ಬೇರೆ: ಪ್ರಾಣಿಗಳು ನೀರು ಹುಡುಕ್ತಾ ಓಡಾಡೋ ಕಾಲ ಇದು. ಕಾಡಂಚಿನ ಕೃಷಿ ಹೊಂಡ, ಬಾಳೆ ತೋಟ ಎರಡೂ ಅವುಗಳ ದಾರಿಗೆ ಬರುತ್ತವೆ.

ದಾರಿಯ ಧೂಳಲ್ಲಿ, ಕಟ್ಟೆಯ ಕೆಸರಲ್ಲಿ ಗುರುತು ನೋಡಿ.

• ಆನೆ: ತಟ್ಟೆಯಂಥ ದುಂಡು ಗುರುತು. ಮುಂಗಾಲಿನ ಗುರುತಿನ ಸುತ್ತಳತೆ ಹಗ್ಗದಲ್ಲಿ ಅಳೆದು ಎರಡರಿಂದ ಗುಣಿಸಿದ್ರೆ ಹೆಚ್ಚುಕಮ್ಮಿ ಭುಜದ ಎತ್ತರ ಸಿಗುತ್ತೆ. ಲದ್ದಿ ಹಸಿಯಾಗಿ ಹೊಳೀತಾ ಇದ್ರೆ ಆನೆ ಹತ್ತಿರದಲ್ಲೇ ಇರಬಹುದು, ಅಳತೆ ಬಿಟ್ಟು ವಾಪಸ್ ಬನ್ನಿ.
• ಹುಲಿ, ಚಿರತೆ: ನಾಲ್ಕು ಬೆರಳು, ಹಿಂದೆ ದಪ್ಪ ಮೆತ್ತೆ, ಉಗುರಿನ ಗುರುತು ಇರಲ್ಲ. ನಾಯಿಯದಾದ್ರೆ ಉಗುರಿನ ಗುರುತು ಕಾಣುತ್ತೆ. ಚಿರತೆ ಹೆಜ್ಜೆ ಸಾಮಾನ್ಯವಾಗಿ ಹತ್ತು ಸೆಂಟಿಮೀಟರ್ ಒಳಗೆ, ಬೆಳೆದ ಹುಲಿಯದು ಅದಕ್ಕಿಂತ ದೊಡ್ಡದು.
• ಕಾಡುಹಂದಿ: ಜೋಡಿ ಗೊರಸು, ಜೊತೆಗೆ ಮೂತಿಯಿಂದ ಅಗೆದು ಎಬ್ಬಿಸಿದ ಮಣ್ಣು. ಗೆಣಸು, ಮರಗೆಣಸು ಇರೋರು ಇದನ್ನ ಕಂಡ ದಿನವೇ ಬೇಲಿ ನೋಡ್ಕೊಳ್ಳಿ.

ಕಿವಿಗೂ ಕೆಲಸ ಇದೆ. ಮುಸುವ ಮರದ ಮೇಲಿಂದ ಕೆಮ್ಮಿದ ಹಾಗೆ ಒಂದೇ ಸಮನೆ ಕೂಗಿದ್ರೆ, ಜಿಂಕೆ ಚೀರಿದ್ರೆ, ನವಿಲು ಗಾಬರಿಯಿಂದ ಕೂಗಿ ಹಾರಿದ್ರೆ ಮುಂದೆ ಹೋಗಬೇಡಿ. ದನ ಇದ್ದಕ್ಕಿದ್ದ ಹಾಗೆ ಒಂದೇ ಕಡೆ ನೋಡ್ತಾ ನಿಂತರೂ ಅಷ್ಟೇ.

ಗುರುತಿನ ಪಕ್ಕ ಹತ್ತು ರೂಪಾಯಿ ನಾಣ್ಯ ಇಟ್ಟು ಮೇಲಿಂದ ನೇರವಾಗಿ ಫೋಟೋ ತೆಗೀರಿ. ನಾಣ್ಯದ ಅಗಲ 27 ಮಿಲಿಮೀಟರ್, ಅಳತೆ ಫೋಟೋದಲ್ಲೇ ಉಳಿಯುತ್ತೆ. ಲೊಕೇಶನ್ ಆನ್ ಇರಲಿ. ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಅಥವಾ ನಿಮ್ಮ ವಲಯದ ಕಚೇರಿಗೆ ತಿಳಿಸಿ. ಬೆಳೆ ಹಾನಿಯಾಗಿದ್ರೆ ಇಲಾಖೆಯ ಇ-ಪರಿಹಾರ ವ್ಯವಸ್ಥೆಯಲ್ಲಿ ಅರ್ಜಿ ಹಾಕೋವಾಗ ದಿನಾಂಕ, ಜಾಗ ಇರೋ ಫೋಟೋ ನಿಮ್ಮ ಪರ ಮಾತಾಡುತ್ತೆ. ಆದರೆ ಅದೇ ಫೋಟೋವನ್ನ ‘ಹುಲಿ ಬಂತು’ ಅಂತ ಸ್ಟೇಟಸ್‌ಗೆ ಹಾಕಬೇಡಿ. ನೋಡೋಕೆ ಜನ ಸೇರಿದ್ರೆ ಪ್ರಾಣಿಗೂ ಗಾಬರಿ, ಜನಕ್ಕೂ ಅಪಾಯ. ಹೇಳಬೇಕಾದ್ದು ಅಕ್ಕಪಕ್ಕದ ಹೊಲದವರಿಗೆ, ಇಲಾಖೆಗೆ.

ಮೊದಲ ಮಳೆ ಬಿದ್ದ ದಿನ

ನಮ್ಮ ಮಳೆ ನಕ್ಷತ್ರದ ಲೆಕ್ಕ ಸೂರ್ಯನ ಲೆಕ್ಕ. ಸೂರ್ಯ ವರ್ಷಕ್ಕೆ 27 ನಕ್ಷತ್ರ ದಾಟುತ್ತಾನೆ, ಒಂದೊಂದರಲ್ಲಿ 13-14 ದಿನ. ಹಾಗಾಗಿ ರೇವತಿ ಮಾರ್ಚ್ ಕೊನೆಗೆ, ಅಶ್ವಿನಿ ಏಪ್ರಿಲ್ ಮಧ್ಯಕ್ಕೆ, ಭರಣಿ ಏಪ್ರಿಲ್ ಕೊನೆಗೆ ಪ್ರತಿ ವರ್ಷ ಬಂದೇ ಬರುತ್ತೆ. ಬರದೆ ಇರೋದು ಮಳೆ. ಅದಕ್ಕೇ ‘ಈ ಸಲ ಅಶ್ವಿನಿ ಹುಟ್ಟಿ ಎಷ್ಟನೇ ದಿನಕ್ಕೆ, ಎಷ್ಟು ಮಿಲಿಮೀಟರ್’ ಅಂತ ಬರೀಬೇಕು. ಬರೀ ‘ಅಶ್ವಿನಿ ಆಯ್ತು’ ಅಂದ್ರೆ ಸಾಲದು.

ಅಳೆಯೋದು ಕಷ್ಟ ಅಲ್ಲ. ಬಾಯಿ, ತಳ ಒಂದೇ ಅಗಲ ಇರೋ ನೇರ ಡಬ್ಬ ಬಯಲಲ್ಲಿಡಿ. ನಿಂತ ನೀರನ್ನ ಸ್ಕೇಲ್ ಇಟ್ಟು ಅಳೀರಿ. ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಚದರ ಮೀಟರಿಗೆ ಒಂದು ಲೀಟರ್, ಒಂದು ಎಕರೆಗೆ ಸುಮಾರು 4,000 ಲೀಟರ್. ಹತ್ತು ಮಿಲಿಮೀಟರ್ ಬಿದ್ದರೆ 40,000 ಲೀಟರ್ ನೀರು ನಿಮ್ಮ ಎಕರೆಗೆ ಪುಕ್ಕಟೆ ಬಂದಿದೆ. ಬದು ಸರಿ ಇದ್ರೆ ಅದು ನಿಮ್ಮದು, ಇಲ್ಲದಿದ್ರೆ ಹಳ್ಳದ್ದು.

ಮಾರನೇ ದಿನ ಗುದ್ದಲಿಯಲ್ಲಿ ಒಂದು ಗುಂಡಿ ತೆಗೆದು ತೇವ ಎಷ್ಟು ಆಳ ಇಳಿದಿದೆ ನೋಡಿ. ಒಂದು ಗೇಣು ಇಳಿಯದೆ ಹತ್ತಿ ಬೀಜ ಹಾಕೋಕೆ ಅವಸರ ಬೇಡ. ಮೇಲ್ಮಣ್ಣಿನ ತೇವಕ್ಕೆ ಮೊಳೆತ ಸಸಿ ಮುಂದಿನ ಹತ್ತು ದಿನದ ಬಿಸಿಲಿಗೆ ಒಣಗಿದ್ರೆ ಬೀಜದ ದುಡ್ಡೂ ಹೋಯ್ತು, ಹದವೂ ಹೋಯ್ತು. ಆ ಮಳೆಗೆ ಇಳಿಜಾರಿಗೆ ಅಡ್ಡವಾಗಿ ಮಾಗಿ ಉಳುಮೆ ಮಾಡಿ. ಮುಂದಿನ ಮಳೆ ನೀರು ಇಂಗುತ್ತೆ, ಮಣ್ಣೊಳಗಿನ ಹುಳದ ಕೋಶ ಬಿಸಿಲಿಗೆ ಬೀಳುತ್ತೆ, ನೇಗಿಲ ಹಿಂದೆ ಬರೋ ಬೆಳ್ಳಕ್ಕಿಗಳು ಉಳಿದದ್ದನ್ನ ಮುಗಿಸುತ್ತವೆ.

ಮೊದಲ ಒಳ್ಳೆ ಮಳೆಯ ನಂತರ ಮಬ್ಬುಗತ್ತಲಲ್ಲಿ ಮನೆ ಹತ್ತಿರದ ಬೇವಿನ ಮರ ನೋಡಿ. ಕಂದು ಬಣ್ಣದ ದುಂಬಿಗಳು ಮುತ್ತಿದ್ರೆ ಅವು ಗೊಣ್ಣೆಹುಳುವಿನ ತಂದೆ-ತಾಯಿ. ಕೊಂಬೆ ಅಲುಗಿಸಿ ಕೆಳಗೆ ಬೀಳಿಸಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಇಡೀ ಬೀದಿಯವರು ಸೇರಿ ಮೂರು-ನಾಲ್ಕು ಸಂಜೆ ಇದನ್ನ ಮಾಡಿದ್ರೆ ಕಬ್ಬು, ಹೊಗೆಸೊಪ್ಪು, ಶುಂಠಿಯ ಬೇರು ಉಳಿಯುತ್ತೆ. ದುಂಬಿ ಮೊಟ್ಟೆ ಇಟ್ಟ ಮೇಲೆ ಮಣ್ಣಲ್ಲಿ ಹುಡುಕೋದು ಬಹಳ ಕಷ್ಟ.

ಈ ಮಳೆಗಳ ಜೊತೆ ಸಿಡಿಲೂ ಬರುತ್ತೆ. ಮಿಂಚು ಕಂಡು ಗುಡುಗು ಕೇಳೋವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತರ ಒಳಗೆ ಕೇಳಿದ್ರೆ ಹೊಲ ಬಿಟ್ಟು ಮನೆ ಸೇರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಫೋನಲ್ಲಿ ಏನಿರಬೇಕು?

ಕೇಂದ್ರ ಸರ್ಕಾರದ ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ ಮತ್ತು ಶುಕ್ರವಾರ ಕೃಷಿ ಹವಾಮಾನ ಸಲಹೆ ಹೊಸದಾಗಿ ಬರುತ್ತೆ, ಕನ್ನಡದಲ್ಲೂ ಇದೆ. ಸಿಡಿಲಿನ ಮುನ್ಸೂಚನೆಗೆ ದಾಮಿನಿ. ಹಕ್ಕಿ ಕೂಗು ಗುರುತಿಸೋಕೆ ಮರ್ಲಿನ್. ಒಮ್ಮೆ ಡೌನ್‌ಲೋಡ್ ಮಾಡ್ಕೊಂಡ್ರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತೆ. ಮರದ ಚಿಗುರು-ಹೂವು-ಕಾಯಿ ದಾಖಲಿಸೋರಿಗೆ ಸೀಸನ್‌ವಾಚ್ ಇದೆ. ನೀವು ಬರೆದದ್ದು ದೇಶದ ಲೆಕ್ಕಕ್ಕೂ ಸೇರುತ್ತೆ.

ಇವೆಲ್ಲ ಇಲ್ಲದಿದ್ರೂ ಪರವಾಗಿಲ್ಲ. ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಮೆಸೇಜ್ ಹಾಕ್ಕೊಳ್ಳೋ ಸೌಲಭ್ಯ ಇದೆ. ದಿನಾಂಕ ತಾನೇ ಬೀಳುತ್ತೆ. ಪ್ರತಿ ಸುತ್ತಿಗೆ ಆರು ಸಾಲು ಸಾಕು:

1. ಇಬ್ಬನಿ ಇತ್ತಾ, ಎಷ್ಟು ಹೊತ್ತಿಗೆ ಆರಿತು?
2. ಗಾಳಿ ಎತ್ತ ಕಡೆಯಿಂದ, ಹಿಂದಿನ ಸಂಜೆ ಮೋಡ ಎಲ್ಲಿ ಕಟ್ಟಿತು?
3. ಯಾವ ಮರ ಚಿಗುರು, ಯಾವುದು ಹೂವು?
4. ಹೊಸದಾಗಿ ಕಂಡ ಅಥವಾ ಕಾಣೆಯಾದ ಹಕ್ಕಿ ಯಾವುದು?
5. ಹುಳ, ಜೇನು: ಎಲ್ಲಿ, ಎಷ್ಟು?
6. ಹೆಜ್ಜೆ ಗುರುತು, ಲದ್ದಿ, ಕೆದಕಿದ ಮಣ್ಣು ಏನಾದ್ರೂ?

ಜೊತೆಗೆ ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿಗೆ ಒಂದು ಫೋಟೋ. ಐದು ವಾರದ ಐದು ಫೋಟೋ ಸಾಲಾಗಿಟ್ಟು ನೋಡಿದ್ರೆ, ದಿನಾ ನೋಡೋ ಕಣ್ಣಿಗೆ ಕಾಣದ ಬದಲಾವಣೆ ಕಾಣುತ್ತೆ.

ನಮ್ಮ ಅಜ್ಜಂದಿರು ಇದನ್ನ ಬರೆಯದೆ ತಲೇಲಿ ಇಟ್ಕೊಂಡಿದ್ರು. ದಿನವಿಡೀ ಹೊಲದಲ್ಲೇ ಇರ್ತಿದ್ದ ಅವರಿಗೆ ಅದು ಸಾಧ್ಯ ಆಯ್ತು. ನಾವು ಅರ್ಧ ದಿನ ಪೇಟೇಲಿ, ಅರ್ಧ ದಿನ ಹೊಲದಲ್ಲಿ ಇರೋರು. ಮಳೆಯೂ ಅವರ ಕಾಲದಷ್ಟು ಹೇಳಿದ ಮಾತು ಕೇಳ್ತಾ ಇಲ್ಲ. ಹಾಗಾಗಿ ನಮಗೆ ಬರವಣಿಗೆ ಬೇಕು. ಈ ವರ್ಷ ಐದು ಸುತ್ತು ಬರೆದಿಟ್ರೆ ಮುಂದಿನ ಶಿವರಾತ್ರಿಗೆ ಹೋಲಿಸೋಕೆ ಏನಾದ್ರೂ ಇರುತ್ತೆ. ಮೂರನೇ ವರ್ಷ ‘ಯಾವಾಗ ಬಿತ್ತೋಣ’ ಅಂತ ಪಕ್ಕದವರು ನಿಮ್ಮನ್ನ ಕೇಳೋಕೆ ಬರ್ತಾರೆ.

ಈ ಭಾನುವಾರ ಏಳು ಗಂಟೆಗೆ, ಜೊತೆಗೊಬ್ಬರನ್ನ ಕರ್ಕೊಂಡು ಮೊದಲ ಸುತ್ತು ಹೊರಡಿ.